ಉಸಿರು ತೊಳೆಯುವ ಸುಣ್ಣ

ಸುಣ್ಣ ಅಂದ್ರೆ ನಮಗೆ ಗೋಡೆಗೆ, ಇಲ್ಲಾ ಎಲೆ ಅಡಿಕೆಗೆ. ಚೆನ್ನೈಗೆ ಬಂದು ಮೂವತ್ತು ವರ್ಷವಾದ ನನಗೆ ಇಲ್ಲಿನ ಚಿಪ್ಪುಸುಣ್ಣದ ಗಾರೆಯೂ ಗೊತ್ತು. ಹಳೇ ಕಟ್ಟಡಗಳಿಗೆ ಅಮೃತಶಿಲೆಯ ಹೊಳಪು ಕೊಟ್ಟ 'ಮದ್ರಾಸ್ ಚುನಾಂ' ಅದೇ. ಆದ್ರೆ ಆಪರೇಶನ್ ಥಿಯೇಟರಿನಲ್ಲೂ ಸುಣ್ಣ ಇರುತ್ತೆ ಅಂತ ತಿಳಿದದ್ದು ನನ್ನ ಹೆಂಡತಿಗೆ ಥೈರಾಯ್ಡ್ ಆಪರೇಶನ್ ಆದಾಗ.

ಹಿಂದಿನ ಸಂಜೆ ಅರಿವಳಿಕೆ ಡಾಕ್ಟರಮ್ಮ ವಾರ್ಡಿಗೆ ಬಂದವರು, "ಲೋ ಫ್ಲೋ ಕೊಡ್ತೀವಿ, ಬಿಟ್ಟ ಉಸಿರೇ ಸುತ್ತಿ ಬರುತ್ತೆ" ಅಂತ ತಮಿಳಿನಲ್ಲಿ ಹೇಳಿದರು. ನನ್ನೆದೆ ಝಲ್ಲೆಂದಿತು. ಬಿಟ್ಟ ಗಾಳೀನೇ ಮತ್ತೆ ಎಳೆದುಕೊಂಡ್ರೆ ಇವಳ ಗತಿ?

ಅವರು ಬಿಡಿಸಿ ಹೇಳಿದರು. ಮಲಗಿದ ಮನುಷ್ಯನಿಗೆ ನಿಮಿಷಕ್ಕೆ ಬೇಕಾದ ಆಮ್ಲಜನಕ ಸುಮಾರು 250 ಮಿಲಿಲೀಟರ್. ಐದಾರು ಲೀಟರ್ ಹರಿಸಿದರೆ ಹೆಚ್ಚಿನದೆಲ್ಲ ಪೋಲು, ಜೊತೆಗೆ ದುಬಾರಿ ಔಷಧಿಯೂ. ಅದಕ್ಕೇ ಹೊಸದನ್ನು ಒಂದು ಲೀಟರೋ ಇನ್ನೂ ಕಡಿಮೆಯೋ ಕೊಟ್ಟು, ಉಳಿದದ್ದನ್ನು ಸುತ್ತು ಹೊಡೆಸುತ್ತಾರೆ. ದಾರಿಯಲ್ಲಿರುವ ಡಬ್ಬಿಯ ಸೋಡಾ ಲೈಮ್ ಕಾಳುಗಳು ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ. ಅದು ಬಹುಪಾಲು ಅರಳಿದ ಸುಣ್ಣವೇ, ಸ್ವಲ್ಪ ಕಾಸ್ಟಿಕ್ ಸೋಡಾ, ಒಂದಿಷ್ಟು ತೇವ. ಅನಿಲ ಹೀರಿದ ಸುಣ್ಣ ಮತ್ತೆ ಸುಣ್ಣಕಲ್ಲಿನ ಪದಾರ್ಥವಾಗುತ್ತೆ. ಗೋಡೆಯ ಸುಣ್ಣ ಗಾಳಿಗೆ ಗಟ್ಟಿಯಾಗೋದೂ ಹೀಗೇ. ಆಗ ಹುಟ್ಟುವ ಬಿಸಿ, ತೇವ ರೋಗಿಯ ಶ್ವಾಸಕೋಶಕ್ಕೂ ಹಿತವಂತೆ. 1924ರಲ್ಲಿ ಅಮೆರಿಕದ ರಾಲ್ಫ್ ವಾಟರ್ಸ್ ಇಂಥ ಡಬ್ಬಿಯನ್ನೂ, 1930ರಲ್ಲಿ ಬ್ರಯಾನ್ ಸ್ವೋರ್ಡ್ ಸುತ್ತುಕೊಳವೆಯನ್ನೂ ಬಳಕೆಗೆ ತಂದರು.

"ಸುಣ್ಣ ಮುಗಿದದ್ದು ಹೇಗೆ ಗೊತ್ತಾಗುತ್ತೆ ಡಾಕ್ಟರ್?"

ಅವರು ಬಳಸುವ ಬಿಳಿ ಕಾಳು ನೇರಳೆಗೆ ತಿರುಗುತ್ತೆ. ಸದ್ಯ ಅಂದ್ಕೊಳ್ಳುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು. ಮುಗಿದ ಕಾಳು ರಾತ್ರಿಯೆಲ್ಲ ಸುಮ್ಮನಿದ್ದರೆ ಮತ್ತೆ ಬೆಳ್ಳಗೆ ಕಾಣಬಹುದು, ಕಸುವು ಮಾತ್ರ ವಾಪಸ್ ಬಂದಿರಲ್ಲ. ಹಾಗಾಗಿ ಬರೀ ಬಣ್ಣ ನಂಬೋ ಹಾಗಿಲ್ಲ. ಕ್ಯಾಪ್ನೋಗ್ರಾಫ್ ಪ್ರತಿ ಉಸಿರನ್ನೂ ಅಳೆಯುತ್ತೆ. ಒಳಗೆ ಹೋಗುವ ಉಸಿರಿನಲ್ಲಿ ಆ ಅನಿಲ ಸೊನ್ನೆ ಇರಬೇಕು. ಪರದೆಯ ಗೆರೆ ಸೊನ್ನೆಗೆ ಇಳಿಯದಿದ್ದರೆ ಹೊಸ ಗಾಳಿ ಹೆಚ್ಚಿಸಿ, ಡಬ್ಬಿ ಬದಲಾಯಿಸ್ತಾರೆ.

ಬ್ಯಾಂಕಿನವನಿಗೆ ಇದಕ್ಕಿಂತ ಸಮಾಧಾನದ ಮಾತು ಬೇಕೆ? ನೋಟಿನ ಕಟ್ಟಿನ ಮೇಲಿನ ಚೀಟಿ ನೋಡಿ ನಾವು ಸಹಿ ಹಾಕಲ್ಲ, ಎಣಿಸ್ತೀವಿ. ಆಪರೇಶನ್ ನಡೆದ ಎರಡು ಗಂಟೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಅವಳ ಉಸಿರನ್ನು ಒಬ್ಬರು ಎಣಿಸ್ತಾ ಇದ್ದಾರೆ ಅನ್ನೋದೇ ಧೈರ್ಯ.

ನಿಮ್ಮ ಮನೆಯಲ್ಲೂ ಆಪರೇಶನ್ ಅಂತಾದ್ರೆ ಸರ್ಜನ್ ಹೆಸರು ವಿಚಾರಿಸಿ ಸುಮ್ಮನಾಗಬೇಡಿ. ಅರಿವಳಿಕೆ ಡಾಕ್ಟರ ಜೊತೆಗೂ ಐದು ನಿಮಿಷ ಮಾತಾಡಿ.