ಅಕಿಹಬಾರಕ್ಕೆ ಒಂದು ಪಿಕಾಚು ಹುಡುಕಿಕೊಂಡು

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿದವನ ಕೈ ಸುಮ್ಮನಿರುವುದಿಲ್ಲ. ಕಾಗದದ ಕಟ್ಟು ಕಂಡರೆ ಸಾಕು, ಮೇಜಿನ ಮೇಲೆ ಕುಟ್ಟಿ ಅಂಚು ಸಮ ಮಾಡಿ, ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ ಪಕ್ಕಕ್ಕೆ ಇಟ್ಟುಬಿಡುತ್ತದೆ. ಹಾಗೆ ಮಾಡಿಯೇ ನಾನು ಟೋಕಿಯೊದಲ್ಲಿ ನನ್ನ ಮೊಮ್ಮಗನ ಪಿಕಾಚುವನ್ನು ಕೆಡಿಸಿದೆ.

ಮಗ, ಸೊಸೆ ಇರುವುದು ಟೋಕಿಯೊದ ನಿಶಿ-ಕಸಾಯ್ ಎಂಬಲ್ಲಿ. ಭಾರತದವರು ತುಂಬಾ ಇರುವ ಬಡಾವಣೆ ಅದು, ತೊಗರಿಬೇಳೆಗೂ ಸಾಂಬಾರ್ ಪುಡಿಗೂ ಪರದಾಟವಿಲ್ಲ. ನಾನು ಹೋಗಿ ಒಂದು ವಾರವಾಗಿತ್ತು. ಮೊಮ್ಮಗ ಶಾಲೆಗೆ ಹೋಗಿದ್ದಾಗ ಅವನ ಮೇಜಿನ ಮೇಲೆ ಬಣ್ಣಬಣ್ಣದ ಕಾರ್ಡುಗಳು ಹರಡಿದ್ದವು. ಒಪ್ಪ ಮಾಡೋಣ ಅಂತ ಕಟ್ಟಿಟ್ಟೆ. ಎರಡು ದಿನ ಬಿಟ್ಟು ಬಿಚ್ಚಿದಾಗ ಎಲ್ಲಕ್ಕಿಂತ ಮೇಲಿದ್ದ ಕಾರ್ಡಿನ ಎರಡೂ ಅಂಚಿನಲ್ಲಿ ರಬ್ಬರಿನ ಗುರುತು ಒಳಕ್ಕೆ ಕಚ್ಚಿಕೊಂಡಿತ್ತು. ಒಂದು ಮೂಲೆಯಲ್ಲಿ ಬಣ್ಣ ಹೋಗಿ ಬಿಳಿ ಚುಕ್ಕೆ.

ಹತ್ತು ವರ್ಷದ ಹುಡುಗ ಅಳಲಿಲ್ಲ, ಕೂಗಲಿಲ್ಲ. "ಪರವಾಗಿಲ್ಲ ತಾತ" ಅಂದು ಒಳಗೆ ಹೋದ. ರಾತ್ರಿ ಊಟಕ್ಕೆ ಕೂತವನು ಅನ್ನ ಕಲಸಿ ಹಾಗೇ ಬಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಏನು ಮಹಾ, ಒಂದು ಕಾರ್ಡು ಅಂತ ನನ್ನ ವಯಸ್ಸಿನವರು ಕೇಳಬಹುದು. ನಾನೂ ಮಗನನ್ನು ಅದನ್ನೇ ಕೇಳಿದೆ. ಪೋಕೆಮಾನ್ ಎಂಬ ವಿಡಿಯೊ ಆಟ ಜಪಾನಿನಲ್ಲಿ ಬಂದದ್ದು 1996ರಲ್ಲಿ. ಅದನ್ನು ಕಲ್ಪಿಸಿದ ಸತೋಶಿ ತಜಿರಿ ಚಿಕ್ಕವರಿದ್ದಾಗ ಹುಳುಹುಪ್ಪಟೆ ಹಿಡಿದು ಕೂಡಿಹಾಕುತ್ತಿದ್ದರಂತೆ. ಆ ಹುಚ್ಚೇ ಮುಂದೆ ಆಟವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾರ್ಡಿನ ಆಟವೂ ಬಂತು. ಕಾರ್ಡುಗಳನ್ನು ಮುಚ್ಚಿದ ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ, ಒಳಗೇನಿದೆ ಎಂದು ಒಡೆಯುವವರೆಗೆ ತಿಳಿಯದು. ಈ ವ್ಯವಹಾರ ನನಗೆ ಸ್ವಲ್ಪ ಲಾಟರಿಯಂತೆಯೇ ಕಾಣುತ್ತದೆ, ಅದನ್ನು ಮಗನಿಗೂ ಹೇಳಿದೆ. ಅವನು ನಕ್ಕ.

ಮೊಮ್ಮಗನ ಕಾರ್ಡು 2023ರ ಜೂನ್‌ನಲ್ಲಿ ಬಂದ '151' ಎಂಬ ಸರಣಿಯದು. ಮೊದಲ ಆಟದಲ್ಲಿದ್ದ 151 ಪ್ರಾಣಿಗಳ ನೆನಪಿಗೆ ಆ ಹೆಸರು. ಕಾರ್ಡಿನ ಕೆಳಗೆ ಸಣ್ಣಕ್ಷರದಲ್ಲಿ 173/165 ಎಂದು ಅಚ್ಚಾಗಿತ್ತು. ನನಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು. "165ರಲ್ಲಿ 173ನೆಯದು ಹೇಗೋ ಬಂತು? ಲೆಕ್ಕ ಟ್ಯಾಲಿ ಆಗೋದಿಲ್ಲವಲ್ಲ!" ಅಂದೆ.

ಮಕ್ಕಳೇ, ಗುಟ್ಟು ಇರುವುದೇ ಅಲ್ಲಿ. ಅದೇ ಸರಣಿಯಲ್ಲಿ 025/165 ಎಂಬ ಮಾಮೂಲು ಪಿಕಾಚುವೂ ಇದೆ. ಅದರ ಚಿತ್ರ ಒಂದು ಚೌಕಟ್ಟಿನೊಳಗೆ. 173ರಲ್ಲಿ ಚಿತ್ರ ಕಾರ್ಡಿನ ತುಂಬಾ ಹರಡಿದೆ. ಆಟದಲ್ಲಿ ಎರಡಕ್ಕೂ ಶಕ್ತಿ ಒಂದೇ, ಗುದ್ದಿನ ಪೆಟ್ಟೂ ಒಂದೇ. ಆದರೆ ಲೆಕ್ಕದಿಂದಾಚೆಯ ನಂಬರಿನ ಇಂಥವು ಅಪರೂಪಕ್ಕೆ ಸಿಗುತ್ತವೆ. ಅಪರೂಪದ ದರ್ಜೆಯನ್ನು ಕಾರ್ಡಿನ ಮೇಲೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ: ಇದರದು ಎಆರ್, ಇನ್ನೂ ಅಪರೂಪದ್ದು ಎಸ್‌ಎಆರ್. ಬರೆದ ಕಲಾವಿದರ ಹೆಸರೂ ಕಾರ್ಡಿನ ಮೇಲಿರುತ್ತದೆ. ಅದು ನನಗೆ ಬಹಳ ಹಿಡಿಸಿತು.

ಅಷ್ಟು ಕೇಳಿದ ಮೇಲೆ ನನಗೆ ಸ್ಟಾರ್ ನೋಟು ನೆನಪಾಯಿತು. 2006ರಿಂದ ರಿಸರ್ವ್ ಬ್ಯಾಂಕ್, ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಕಟ್ಟಿನಲ್ಲಿ ಸೇರಿಸುವ ನೋಟಿನ ನಂಬರಿನ ನಡುವೆ ಒಂದು ಪುಟ್ಟ ನಕ್ಷತ್ರ ಹಾಕುತ್ತದೆ. ಹತ್ತು ರೂಪಾಯಿಯ ಸ್ಟಾರ್ ನೋಟಿಗೆ ಅಂಗಡಿಯಲ್ಲಿ ಹತ್ತು ರೂಪಾಯಿಯದೇ ಸಾಮಾನು. ಆದರೂ ತಿಪಟೂರಿನ ನಮ್ಮ ಶಾಖೆಗೆ ಅದನ್ನು ಖೋಟಾ ನೋಟು ಅಂತ ವಾಪಸು ತರುವವರಿದ್ದರು, ಬೇಕೆಂದು ಕೇಳಿ ಪಡೆಯುವವರೂ ಇದ್ದರು. ನನ್ನ ಪರ್ಸಿನಲ್ಲಿ ಈಗಲೂ ಒಂದಿದೆ. ಅದಕ್ಕೆ ಯಾರಾದರೂ ಸ್ಟೇಪ್ಲರ್ ಪಿನ್ ಹೊಡೆದಿದ್ದರೆ? ನನಗೂ ಊಟ ಸೇರುತ್ತಿರಲಿಲ್ಲ.

ಭಾನುವಾರ ತಾತ ಮೊಮ್ಮಗ ಇಬ್ಬರೇ ಹೊರಟೆವು. ತೋಝಾಯ್ ಮಾರ್ಗದ ರೈಲಿನಲ್ಲಿ ಕಯಾಬಚೊ, ಅಲ್ಲಿ ಇಳಿದು ಹಿಬಿಯಾ ಮಾರ್ಗದಲ್ಲಿ ಮೂರನೆಯ ನಿಲ್ದಾಣ ಅಕಿಹಬಾರ. ದಾರಿ ತೋರಿಸಿದ್ದೆಲ್ಲ ಅವನೇ. ನನ್ನ ಅಂಗಿಯ ಒಳಜೇಬಿನಲ್ಲಿ ಪಿಂಚಣಿ ಹಣ ಬದಲಿಸಿ ತಂದ ಯೆನ್ ನೋಟುಗಳಿದ್ದವು. ಅದನ್ನು ಅವನಿಗೆ ಹೇಳಿರಲಿಲ್ಲ.

ಯುದ್ಧ ಮುಗಿದ ಮೇಲೆ ರೇಡಿಯೊ ಬಿಡಿಭಾಗ ಮಾರುವವರು ಕೂಡಿ ಬೆಳೆಸಿದ ಪೇಟೆ ಅಕಿಹಬಾರ. ಈಗಲೂ ಅಲ್ಲಿ ವೈರು, ಸ್ವಿಚ್ಚು, ಪುಟ್ಟ ದೀಪ ಮಾರುವ ಗೂಡಂಗಡಿಗಳಿವೆ. ಬೆಂಗಳೂರಿನ ಎಸ್.ಪಿ. ರಸ್ತೆ ನೋಡಿದವರಿಗೆ ಹೊಸತೆನಿಸುವುದಿಲ್ಲ. ಭಾನುವಾರ ಮಧ್ಯಾಹ್ನ ಅಲ್ಲಿನ ದೊಡ್ಡ ರಸ್ತೆ ಚುವೊ-ದೋರಿಯಲ್ಲಿ ವಾಹನ ನಿಲ್ಲಿಸಿ ನಡೆಯುವವರಿಗೆ ಬಿಟ್ಟುಕೊಡುತ್ತಾರೆ. ಅಷ್ಟು ಜನ ಸೇರಿದ್ದರೂ ರಥಬೀದಿಯ ಗದ್ದಲವಿಲ್ಲ!

ನಿಲ್ದಾಣದ ಎದುರಿಗೇ ರೇಡಿಯೊ ಕೈಕಾನ್ ಎಂಬ ಕಟ್ಟಡ. ಹೆಸರಿನಲ್ಲಿ ರೇಡಿಯೊ ಉಳಿದಿದೆ, ಒಳಗೆ ಮಹಡಿ ಮಹಡಿಯಲ್ಲೂ ಗೊಂಬೆ ಮತ್ತು ಕಾರ್ಡಿನ ಅಂಗಡಿಗಳು. ಗಾಜಿನ ಬೀರುಗಳು, ಒಳಗೆ ದೀಪ, ಪ್ರತಿ ಕಾರ್ಡಿಗೂ ಪ್ಲಾಸ್ಟಿಕ್ ಅಂಗಿ, ಎದುರಿಗೆ ಬೆಲೆಚೀಟಿ. ಚಿನ್ನದಂಗಡಿಯೇ ಸರಿ. ಬೆಂಕಿಯುಗುಳುವ ಚಾರಿಜಾರ್ಡ್ ಇರುವ 201/165 ಎಸ್‌ಎಆರ್ ಕಾರ್ಡಿನ ಬೆಲೆ ನೋಡಿ ನಾನು ಸೊನ್ನೆಗಳನ್ನು ಎರಡು ಸಲ ಎಣಿಸಿದೆ. ಜಪಾನಿನವರು ಅದನ್ನು ಲಿಝಾರ್ಡನ್ ಅನ್ನುತ್ತಾರೆ ಎಂದು ಮೊಮ್ಮಗ ತಿದ್ದಿದ. ಇಂಥ ಕಾರ್ಡಿನ ಮೈಮೇಲೆ ಬೆರಳಿಗೆ ಸಿಗುವ ನವಿರು ಗೆರೆಗಳಿರುತ್ತವಂತೆ, ನಕಲಿಯಲ್ಲಿ ಮೈ ನುಣ್ಣಗಿರುತ್ತದಂತೆ. ಅವನ ಹತ್ತಿರ ಅಂಥದೊಂದಿತ್ತು. ಕಣ್ಣುಮುಚ್ಚಿ ಮುಟ್ಟಿ ನೋಡಿದೆ. ನೋಟಿನ ಉಬ್ಬಚ್ಚನ್ನು ತಡವಿ ಅಸಲಿ ನಕಲಿ ಹೇಳಿದ ಹೆಬ್ಬೆರಳು ಇದು, ತಟ್ಟನೆ ಗೊತ್ತಾಯಿತು.

ತುಂಬಾ ಅಪರೂಪದ್ದು ಯಾವುದೋ ಅಂತ ಕೇಳಿದೆ. ಅದೂ ಪಿಕಾಚುವೇ. 1997-98ರಲ್ಲಿ 'ಕೊರೊಕೊರೊ' ಎಂಬ ಮಕ್ಕಳ ಕಾಮಿಕ್ ಪತ್ರಿಕೆ ನಡೆಸಿದ ಚಿತ್ರ ಸ್ಪರ್ಧೆಗಳಲ್ಲಿ ಗೆದ್ದವರಿಗೆ ಕೊಟ್ಟ ಬಹುಮಾನದ ಕಾರ್ಡು. ಹಂಚಿದ್ದು 39. ಅತ್ಸುಕೊ ನಿಶಿದಾ ಬರೆದ ಆ ಪಿಕಾಚುವಿನ ಕೈಯಲ್ಲಿ ಬಣ್ಣದ ಕುಂಚ, ಪೆನ್ನು. ಅಂಥ ಒಂದು ಕಾರ್ಡು 52,75,000 ಡಾಲರಿಗೆ ಕೈಬದಲಾಯಿತೆಂದು 2022ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಚಿತ್ರ ಬರೆದು ಗೆದ್ದ ಆ ಮಕ್ಕಳೆಲ್ಲ ತಮ್ಮ ಕಾರ್ಡನ್ನು ಜೋಪಾನ ಮಾಡಿಟ್ಟಿದ್ದರೋ ಇಲ್ಲವೋ ಎಂದು ಆಮೇಲೂ ಬಹಳ ಹೊತ್ತು ಯೋಚಿಸಿದೆ.

ಕೊನೆಗೆ 173/165 ಸಿಕ್ಕಿತು. ಕಲೆಯಿಲ್ಲದ್ದು, ಮೂಲೆ ನೆಟ್ಟಗಿದ್ದದ್ದು. ಬೆಲೆ ನಮ್ಮ ಮನೆಯ ಒಂದು ತಿಂಗಳ ಹಾಲಿನ ಬಿಲ್ಲಿನಷ್ಟು. ಅದೇ ಸಾಲಿನ ಕೆಳಗೆ ಒಂದು ಡಬ್ಬಿಯಲ್ಲಿ ಗೀರು ಬಿದ್ದ, ಮೂಲೆ ಸವೆದ ಕಾರ್ಡುಗಳು ಅಗ್ಗಕ್ಕೆ ಬಿದ್ದಿದ್ದವು. ಅಮೆರಿಕದ ಪಿಎಸ್‌ಎ ಎಂಬ ಸಂಸ್ಥೆ ಕಾರ್ಡಿನ ಮೂಲೆ, ಅಂಚು, ಮೈ, ಚಿತ್ರ ನಟ್ಟನಡುವೆ ಇದೆಯೇ ಎಂದೆಲ್ಲ ನೋಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತದಂತೆ. ಹರಿದ ನೋಟಿಗಾದರೂ ಸಾಕಷ್ಟು ಪಾಲು ಉಳಿದಿದ್ದರೆ ನಾವು ಪೂರ್ತಿ ದುಡ್ಡು ಕೊಡುತ್ತಿದ್ದೆವು, ಇಲ್ಲಿ ಒಂದು ಬಿಳಿ ಚುಕ್ಕೆಗೂ ಕ್ಷಮೆಯಿಲ್ಲ.

"ತಗೊಳ್ಳೋ ಪುಟ್ಟ" ಅಂದೆ. ಹುಡುಗ ತಲೆಯಲ್ಲಾಡಿಸಿದ. "ಬೇಡ ತಾತ. ಅದು ನನ್ನ ಪ್ಯಾಕೆಟ್ಟಲ್ಲಿ ತಾನಾಗೇ ಬಂದಿತ್ತು. ಇದು ಕೊಂಡಿದ್ದು."

ನಾನೂ ಪಟ್ಟು ಬಿಡಲಿಲ್ಲ. "ನೋಡು, ಸಂಜೆ ಕ್ಯಾಷ್‌ನಲ್ಲಿ ಕಡಿಮೆ ಬಂದರೆ ಕ್ಯಾಷಿಯರ್ ತನ್ನ ಕೈಯಿಂದ ತುಂಬಬೇಕು. ಒಂದು ಸಲ ನಾನು ಐನೂರು ರೂಪಾಯಿ ತುಂಬಿದ್ದೇನೆ. ಆಗ ನಿಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದ, ಆ ತಿಂಗಳು ನಿಮ್ಮಜ್ಜಿ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗಲೂ ಕಡಿಮೆ ಬಂದಿರೋದು ನನ್ನ ಕೈಯಲ್ಲೇ." ಅವನು ಸ್ವಲ್ಪ ಹೊತ್ತು ಗಾಜಿನೊಳಗೆ ನೋಡುತ್ತಾ ನಿಂತ. ಆಮೇಲೆ "ಸರಿ, ರೂಲ್ಸ್ ಅಂದ್ರೆ ರೂಲ್ಸ್" ಅಂದ.

ಅಲ್ಲಿ ದುಡ್ಡನ್ನು ಕೈಗೆ ಕೊಡುವಂತಿಲ್ಲ, ಕೌಂಟರಿನ ಪುಟ್ಟ ತಟ್ಟೆಯಲ್ಲಿಡಬೇಕು. ಅಂಗಡಿಯ ಹುಡುಗಿ ನೋಟುಗಳನ್ನು ಬೀಸಣಿಗೆಯಂತೆ ಬಿಡಿಸಿ ಎಣಿಸಿದ ಚಂದಕ್ಕೆ ನಾನು ಅಲ್ಲೇ ಪ್ರಮೋಷನ್ ಕೊಡುತ್ತಿದ್ದೆ.

ವಾಪಸು ಬರುವಾಗ ರೈಲಿನಲ್ಲಿ ಅವನು ಹೊಸ ಕಾರ್ಡನ್ನು ಆಲ್ಬಮ್ಮಿಗೆ ಸೇರಿಸಿದ. ಚೀಲದಿಂದ ಹಳೆಯದನ್ನೂ ತೆಗೆದ. ಅದನ್ನೂ ತಂದಿದ್ದನೆಂದು ನನಗೆ ಗೊತ್ತೇ ಇರಲಿಲ್ಲ.

"ಇದನ್ನು ಇಷ್ಟು ದಿನ ಆಡೋಕೆ ತೆಗೀತಾನೇ ಇರಲಿಲ್ಲ ತಾತ, ಹಾಳಾಗುತ್ತೆ ಅಂತ. ಈಗ ಹೇಗೂ ಹಾಳಾಗಿದೆಯಲ್ಲ, ಆಡಬಹುದು. ನಿನಗೂ ಹೇಳಿಕೊಡ್ತೀನಿ."

ಅವತ್ತು ರಾತ್ರಿ ಊಟವಾದ ಮೇಲೆ ಚಾಪೆ ಹಾಸಿ ಕೂತೆವು. ಒಬ್ಬೊಬ್ಬರಿಗೆ ಅರವತ್ತು ಕಾರ್ಡು, ಅದರಲ್ಲಿ ಆರು ಬಹುಮಾನದ್ದು ಬೋರಲು. ಮೂರು ಆಟ ಸೋತೆ, ಮೂರರಲ್ಲೂ ಆ ರಬ್ಬರ್ ಗುರುತಿನ ಪಿಕಾಚುವೇ ಬಂದು ಹೊಡೆಯಿತು. ನಾಲ್ಕನೆಯದಕ್ಕೆ ಕಾರ್ಡು ಕಲಸಿ, ಎಂದಿನ ಚಟದಲ್ಲಿ ಮೇಜಿಗೆ ಕುಟ್ಟಲು ಕೈ ಎತ್ತಿದೆ. ಮೊಮ್ಮಗ, ಮಗ, ಸೊಸೆ ಮೂವರೂ ಒಟ್ಟಿಗೆ "ತಾತಾ!", "ಅಪ್ಪಾ!", "ಮಾವಾ!" ಎಂದು ಕೂಗಿದರು. ಮನೆಯಲ್ಲಿದ್ದ ರಬ್ಬರ್ ಬ್ಯಾಂಡುಗಳನ್ನೆಲ್ಲ ಸೊಸೆ ಅಡುಗೆಮನೆಯಲ್ಲಿ ಎಲ್ಲೋ ಬಚ್ಚಿಟ್ಟಿದ್ದಳು. ನಾನು ಊರಿಗೆ ಹೊರಡುವವರೆಗೂ ಒಂದೂ ಸಿಗಲಿಲ್ಲ.