ಮಂಡಿ ಮಡಚಲು ಎಷ್ಟು ದಿನ?

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಮಲೆನಾಡಿನ ತೋಟಗಳಲ್ಲಿ ಮೆಣಸಿನ ಕೊಯ್ಲು ಶುರುವಾಗುತ್ತದೆ. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯ ತುದಿಯವರೆಗೂ ಏಣಿ ಹತ್ತಬೇಕು. ಸಕಲೇಶಪುರ, ಆಲೂರು ಸೀಮೆಯಲ್ಲಿ ಏಣಿಯಿಂದ ಬಿದ್ದವರ ಕಥೆ ಇಲ್ಲದ ಊರು ಸಿಗುವುದು ಕಷ್ಟ. ಕೆಂಚಮ್ಮನ ಹೊಸಕೋಟೆ ಕಡೆಯ ಸಣ್ಣ ಬೆಳೆಗಾರರೊಬ್ಬರು ಬಿದ್ದದ್ದೂ ಹಾಗೆಯೇ. ಎತ್ತರವೇನೂ ಹೆಚ್ಚಿರಲಿಲ್ಲ. ಆದರೆ ಕಾಲು ಕಲ್ಲಿನ ಮೇಲೆ ಊರಿ, ಮಂಡಿಯ ಕೆಳಗಿನ ಮೂಳೆ ಸೀಳಿತು.

ಹಾಸನದ ಆಸ್ಪತ್ರೆಯಲ್ಲಿ ಪ್ಲೇಟು ಹಾಕಿದರು. ಗೌಡರ ಬಳಿ ಆರೋಗ್ಯ ಸಂಜೀವಿನಿ ಪಾಲಿಸಿ ಇತ್ತು. ಎಲ್ಲ ಕಂಪನಿಗಳೂ ಒಂದೇ ಬಗೆಯ ಷರತ್ತುಗಳಲ್ಲಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ಪಾಲಿಸಿ ಅದು. ನೂರಕ್ಕೆ ಐದರಷ್ಟು ಭಾಗ ಕೈಯಿಂದ ಕಟ್ಟಿದ್ದು ಬಿಟ್ಟರೆ ಆಸ್ಪತ್ರೆಯ ಬಿಲ್ಲು 'ಕ್ಯಾಶ್‌ಲೆಸ್' ಆಗಿಯೇ ತೀರಿತು. ಮನೆಯವರು ದೇವರಿಗೆ ಕೈ ಮುಗಿದು ಊರಿಗೆ ಬಂದರು. ಆರು ವಾರ ಕಾಲೂರುವಂತಿಲ್ಲ, ಆಮೇಲೆ ಒಂದು ತಿಂಗಳು ಫಿಸಿಯೋಥೆರಪಿ ಎಂದು ವೈದ್ಯರು ಚೀಟಿಯಲ್ಲಿ ಬರೆದಿದ್ದರು.

ಮೂಳೆ ಕೂಡಿದ ಮಾತ್ರಕ್ಕೆ ಕಾಲು ಬಂದಂತಲ್ಲ. ಕೆಲಸವಿಲ್ಲದ ಸ್ನಾಯು ಕೆಲವೇ ವಾರಗಳಲ್ಲಿ ಸೊರಗುತ್ತದೆ. ಅಲುಗದ ಕೀಲಿನ ಸುತ್ತಲಿನ ಅಂಗಾಂಶ ಬಿಗಿಯುತ್ತದೆ. ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ ಸುಮಾರು 60 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಲು ಅದಕ್ಕಿಂತ ಹೆಚ್ಚು ಬೇಕು. ತೋಟದ ಇಳಿಜಾರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಉದುರಿದ ಹಣ್ಣು ಆಯಲು ಇನ್ನೂ ಹೆಚ್ಚು.

ಸಕಲೇಶಪುರದ ಪೇಟೆಯಲ್ಲಿ ಬಾಡಿಗೆಯ ಒಂದು ಕೋಣೆ. ಎರಡು ಬೆಂಚು, ಗೋಡೆಗೆ ಕಟ್ಟಿದ ಒಂದು ರಾಟೆ, ಒಂದು ಸೈಕಲ್ಲು. ಫಿಸಿಯೋಥೆರಪಿ ಪದವಿ ಪಡೆದ ತರುಣ ಅದನ್ನು ನಡೆಸುತ್ತಾನೆ. ಮೊದಲ ದಿನ ಆತ ಪ್ಲಾಸ್ಟಿಕ್ಕಿನ ಉಪಕರಣವೊಂದನ್ನು ಮಂಡಿಯ ಪಕ್ಕಕ್ಕೆ ಹಿಡಿದು ಓದಿದ. ಜೊತೆಗೆ ಬಂದಿದ್ದ ಮಗಳು ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದ್ದ ವಿಜ್ಞಾನ ವಿದ್ಯಾರ್ಥಿನಿ.

"ಇದು ಕೋನಮಾಪಕದ ಹಾಗೇ ಇದೆಯಲ್ಲ ಸಾರ್?"

"ಅದೇನಮ್ಮ, ಎರಡು ಕೈ ಇರೋ ಕೋನಮಾಪಕ. ಗೋನಿಯೋಮೀಟರ್ ಅಂತಾರೆ. ಬರ್ಕೊ, 40 ಡಿಗ್ರಿ."

ಅಂದಿನಿಂದ ಕೋನ ಬರೆದುಕೊಳ್ಳುವ ಕೆಲಸ ಅವಳದಾಯಿತು. ನೋವಿಗೆ ಗೌಡರು ಹಲ್ಲು ಕಚ್ಚುತ್ತಿದ್ದರು. "ಗೌಡ್ರೇ, ಇನ್ನೊಂದು ಹತ್ತು ಸಲ" ಎಂಬ ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಭಾನುವಾರ ಬಿಟ್ಟು ನಾಲ್ಕು ವಾರದಲ್ಲಿ 24 ಸಲ, ಸಲಕ್ಕೆ 400 ರೂಪಾಯಿಯಂತೆ 9,600 ಆಯಿತು. ಕೋನ 112ಕ್ಕೆ ಬಂತು.

ಬಿಲ್ಲನ್ನು ವಿಮಾ ಕಂಪನಿಗೆ ಕಳಿಸಿದರೆ ತಿರಸ್ಕೃತವಾಗಿ ವಾಪಸು ಬಂತು. ಚಿಕಿತ್ಸೆ ನೀಡಿದವರು ಪಾಲಿಸಿಯ ಪ್ರಕಾರ 'ವೈದ್ಯ'ರಲ್ಲ, ಸ್ಥಳ 'ಆಸ್ಪತ್ರೆ'ಯಲ್ಲ ಎಂಬುದು ಕಾರಣ. ಮಗಳು ಪಾಲಿಸಿ ಪುಸ್ತಕ ಬಿಚ್ಚಿ ಕೂತಳು. ಕಂಪನಿ ಹೇಳಿದ ವ್ಯಾಖ್ಯೆಗಳು ಅಲ್ಲಿ ಇದ್ದದ್ದು ನಿಜ. ವೈದ್ಯನೆಂದರೆ ವೈದ್ಯಕೀಯ, ಭಾರತೀಯ ವೈದ್ಯ ಪದ್ಧತಿ ಅಥವಾ ಹೋಮಿಯೋಪಥಿ ಪರಿಷತ್ತಿನಲ್ಲಿ ನೋಂದಣಿಯಾದವನು. ಆಸ್ಪತ್ರೆಯೆಂದರೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆ ಇರಬೇಕು. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಕಲಮೂ ಇತ್ತು. ಒಪ್ಪಿತವಾದ ಒಳರೋಗಿ ಚಿಕಿತ್ಸೆಗೆ ಸಂಬಂಧಪಟ್ಟು, ಬಿಡುಗಡೆಯಾದ ದಿನದಿಂದ 60 ದಿನಗಳ ಒಳಗೆ ಆಗುವ ವೈದ್ಯಕೀಯ ವೆಚ್ಚವನ್ನು ಕಂಪನಿ ಕೊಡಬೇಕು.

ಅವಳು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಚೀಟಿ, ಆ ಕಲಮಿನ ಸಂಖ್ಯೆ, ದಿನಾಂಕವಾರು ಕೋನಗಳ ಪಟ್ಟಿ ಮೂರನ್ನೂ ಲಗತ್ತಿಸಿ ಮತ್ತೆ ಬರೆದಳು. ಈ ಸಲ ಹಣ ಬಂತು, ಪೂರ್ತಿ ಬರಲಿಲ್ಲ. ಫಿಸಿಯೋಥೆರಪಿ ಶುರುವಾದದ್ದೇ 43ನೆಯ ದಿನ. 60ನೆಯ ದಿನದೊಳಗೆ ಬಿದ್ದದ್ದು 16 ಸಲ, ಅಂದರೆ 6,400 ರೂಪಾಯಿ. ಅದರಲ್ಲಿ ನೂರಕ್ಕೆ ಐದು, ಅಂದರೆ 320 ರೂಪಾಯಿ ಕಳೆದು 6,080 ಕೈಸೇರಿತು. ಉಳಿದ 8 ಸಲದ್ದು ಗೌಡರ ಜೇಬಿನಿಂದಲೇ ಹೋಯಿತು. ಮಂಡಿ ನೆಟ್ಟಗೆ ಬಗ್ಗಲು ಶುರುವಾದದ್ದು ಆ ಕೊನೆಯ ಎಂಟು ದಿನಗಳಲ್ಲೇ ಎಂದು ಪಟ್ಟಿ ಹೇಳುತ್ತಿತ್ತು.

ರೋಗಿಯ ಕಥೆ ಇದಾದರೆ ಚಿಕಿತ್ಸಕನದು ಇನ್ನೊಂದು. ಆತನ ಮೇಜಿನ ಖಾನೆಯಲ್ಲಿ ಒಂದು ಕರಾರುಪತ್ರ ಸಹಿಯಾಗದೆ ಬಿದ್ದಿದೆ. ಕಂಪನಿಯ ಪಟ್ಟಿಗೆ ಸೇರಿದರೆ ರೋಗಿಗಳು ನೇರವಾಗಿ ಬರುತ್ತಾರೆ. ಆದರೆ ಸಲಕ್ಕೆ 250 ರೂಪಾಯಿ ಮಾತ್ರ, ಅದೂ 45 ದಿನದ ಮೇಲೆ. ರೋಗಿಯಿಂದ ಹೆಚ್ಚಿಗೆ ಕೇಳುವಂತಿಲ್ಲ. ದರ ಬದಲಿಸುವ ಹಕ್ಕು ಕಂಪನಿಯದೇ. ಬಾಡಿಗೆ, ಕರೆಂಟು, ಸಹಾಯಕಿಯ ಸಂಬಳ ಕಳೆದರೆ ಒಬ್ಬ ರೋಗಿಗೆ ಕೊಡುವ ಮುಕ್ಕಾಲು ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಬೇಕಾಗುತ್ತದೆ ಎಂಬುದು ಆತನ ಲೆಕ್ಕ.

ಕಂಪನಿಗಳದು ಬರೀ ಹಟ ಎನ್ನುವಂತಿಲ್ಲ. ಜ್ವರಕ್ಕೆ ಉಷ್ಣಮಾಪಕವಿದೆ, ನೋವಿಗೆ ಮಾಪಕವಿಲ್ಲ. ಹತ್ತು ಸಲ ಸಾಕಾದಲ್ಲಿ ಮೂವತ್ತು ಸಲ ಬರೆದರೆ ಹಿಡಿಯುವುದು ಹೇಗೆ? ಆ ಹೊರೆ ಕಡೆಗೆ ಎಲ್ಲರ ಪ್ರೀಮಿಯಂ ಮೇಲೆಯೇ ಬೀಳುತ್ತದೆ. ದರದ ಇಂಥ ಜಗಳ ದೊಡ್ಡ ಆಸ್ಪತ್ರೆಗಳಿಗೂ ಹೊಸದಲ್ಲ. 2010ರ ಜುಲೈನಲ್ಲಿ ಸರ್ಕಾರಿ ವಲಯದ ನಾಲ್ಕು ವಿಮಾ ಕಂಪನಿಗಳು, ಬಿಲ್ಲು ವಿಪರೀತವೆಂದು ಬೆಂಗಳೂರು, ಮುಂಬಯಿ, ದೆಹಲಿ, ಚೆನ್ನೈಗಳ ಹಲವು ಖಾಸಗಿ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ಸೌಲಭ್ಯ ನಿಲ್ಲಿಸಿದವು. ನಿಗದಿತ ದರಕ್ಕೆ ಒಪ್ಪಿದವರಿಗಷ್ಟೇ ಪಟ್ಟಿಯಲ್ಲಿ ಜಾಗ ಎಂದವು. ಕಾರ್ಡು ಹಿಡಿದು ಹೋದ ರೋಗಿ ಮೊದಲು ಕೈಯಿಂದ ಕಟ್ಟಿ, ಆಮೇಲೆ ಅರ್ಜಿ ಹಾಕಬೇಕಾಯಿತು. ದೊಡ್ಡ ಆಸ್ಪತ್ರೆಗಳಿಗೆ ಸಂಘವಿತ್ತು, ವಕೀಲರಿದ್ದರು. ಮಾತುಕತೆ ನಡೆದು ಎಷ್ಟೋ ಆಸ್ಪತ್ರೆಗಳು ಪಟ್ಟಿಗೆ ಸೇರಿದವು. ಒಂದು ಕೋಣೆಯ ಚಿಕಿತ್ಸಕ ಯಾರ ಜೊತೆ ಮಾತುಕತೆಗೆ ಕೂರಬೇಕು?

2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಕಂಪನಿಗಳ ಮಂಡಳಿ, ಪಟ್ಟಿಯಲ್ಲಿಲ್ಲದ ಆಸ್ಪತ್ರೆಗಳಲ್ಲೂ ಕ್ಯಾಶ್‌ಲೆಸ್ ಎಂದು ಸಾರಿತು. ಅಲ್ಲಿಯೂ 15 ಹಾಸಿಗೆಯ ಮಿತಿ. ನಮ್ಮ ರೈತರಿಗೆ ಚಿರಪರಿಚಿತವಾದ, 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆಯೇ. ಸಹಕಾರ ಸಂಘದ ಸದಸ್ಯರಿಗೆ ಅದು ಮಾಡಿದ ಉಪಕಾರ ದೊಡ್ಡದು. ಆದರೂ ವಿಮೆ ಎಂಬುದು ಹಾಸಿಗೆಯನ್ನು ಎಣಿಸಲು ಕಲಿತಷ್ಟು ಬೇಗ ಹಾಸಿಗೆಯಿಂದ ಎದ್ದವನ ಹೆಜ್ಜೆಯನ್ನು ಎಣಿಸಲು ಕಲಿತಿಲ್ಲ. ಲಂಡನ್ನಿನ ನಾಲ್ವರು ದಾದಿಯರು 1894ರಲ್ಲೇ ಸಂಘ ಕಟ್ಟಿ ಈ ವೃತ್ತಿಗೆ ಗೌರವ ತಂದರು. ನಮ್ಮಲ್ಲಿ ಫಿಸಿಯೋಥೆರಪಿಯಂಥ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ ಬಂದದ್ದು 2021ರಲ್ಲಿ. ಪಾಲಿಸಿಯ ವ್ಯಾಖ್ಯೆ ಅಲ್ಲಿಯತನಕ ಬಂದ ಮೇಲೆ ಈ ಜಗಳ ಅರ್ಧ ತಗ್ಗೀತು.

ಈ ನಡುವೆ ಮಾಡಬಹುದಾದದ್ದು ಇಲ್ಲದಿಲ್ಲ. ಕಂಪನಿ ತಿರಸ್ಕರಿಸಿದರೆ, ಇಲ್ಲವೇ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಪಾಲಿಸಿದಾರರು ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಆ ಬಾಗಿಲು ಪಾಲಿಸಿದಾರರಿಗೆ ಮಾತ್ರ. ಕರಾರಿಗೆ ಸಹಿ ಹಾಕಿದ ಚಿಕಿತ್ಸಕನಿಗೆ ಉಳಿಯುವುದು ಕರಾರಿನಲ್ಲೇ ಹೇಳಿದ ಮಧ್ಯಸ್ಥಿಕೆ ಅಥವಾ ಸಿವಿಲ್ ನ್ಯಾಯಾಲಯ. ಆದ್ದರಿಂದಲೇ ಆತ ಓದಬೇಕಾದದ್ದು ಸಹಿಗೆ ಮುಂಚೆ.

ಆತ ಓದಿದ್ದಾನೆ. ವರ್ಷಕ್ಕೊಮ್ಮೆ ದರ ಪರಿಷ್ಕರಣೆ, ಕಡಿತಕ್ಕೆ ಲಿಖಿತ ಕಾರಣ, ಕೋನದ ದಾಖಲೆ ನೋಡಿ ದಿನ ವಿಸ್ತರಣೆ ಎಂದು ಮೂರು ತಿದ್ದುಪಡಿ ಬರೆದು ಕಂಪನಿಗೆ ಕಳಿಸಿದ್ದಾನೆ. ಉತ್ತರ ಬಂದಿಲ್ಲ.

ಗೌಡರು ಈಗ ತೋಟಕ್ಕೆ ಹೋಗುತ್ತಾರೆ. ಏಣಿ ಹತ್ತಲು ಮಗಳು ಬಿಡುವುದಿಲ್ಲ. ಈ ಸಲ ಪಾಲಿಸಿ ನವೀಕರಣಕ್ಕೆ ಬಂದಾಗ ಏಜೆಂಟರು ಸಹಿಗೆಂದು ಪೆನ್ನು ಚಾಚಿದರು. ಗೌಡರು ಕಾಗದವನ್ನು ಮಗಳ ಕಡೆ ತಳ್ಳಿ, "ಮೊದ್ಲು ಅವಳು ಓದ್ಲಿ" ಎಂದರು.