ಹೊಸಹಳ್ಳಿಯಲ್ಲಿ ನನ್ನ ಬಾಯಿ ಬಿಚ್ಚಿತು

"ನಮ್ಮ ಪುಡಿ ಚೆನ್ನಾಗಿದೆ ಅಂತ ನಾವೇ ಹೇಳಿಕೊಂಡರೆ ನಾಲ್ಕು ಜನ ಏನೆಂದಾರು?"

ಮೂರು ವರ್ಷ ಈ ಒಂದು ಮಾತು ನನ್ನ ಬಾಯಿ ಕಟ್ಟಿಹಾಕಿತ್ತು. ಬಿಚ್ಚಿದ್ದು ಹೋದ ಶ್ರಾವಣದಲ್ಲಿ, ಬೆಂಗಳೂರಿನ ಹೊಸಹಳ್ಳಿಯಲ್ಲಿರುವ ನಾದಿನಿಯ ಮನೆಗೆ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಹೋದಾಗ. ಓದುಗ ಸೋದರಿಯರಲ್ಲಿ ನನ್ನಂತೆ ಸಂಕೋಚದ ಮುದ್ದೆಗಳಾದವರು ಎಷ್ಟೋ ಮಂದಿ ಇದ್ದೀರಿ ಎಂದು ಬಲ್ಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು. ಯಜಮಾನರ ಸಣ್ಣ ಅಂಗಡಿ ಮುಚ್ಚಿದ ಮೇಲೆ ಮನೆಯ ಖರ್ಚಿಗೆ ಆಧಾರವೆಂದು ನಾನು ಹುಳಿಪುಡಿ, ಸಾರಿನಪುಡಿ ಮಾಡಿ ಊರಿನ ಒಂದು ಅಂಗಡಿಗೆ ಸಗಟಾಗಿ ಕೊಡುತ್ತಿದ್ದೆ. ಕಿಲೋಗೆ 300 ರೂಪಾಯಿ. ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಬೇಳೆ, ಗಿರಣಿಯ ಕೂಲಿ ಎಲ್ಲ ಸೇರಿ 240 ಬೀಳುತ್ತಿತ್ತು. ಅಂಗಡಿಯವರು ಅದನ್ನೇ ತಮ್ಮ ಹೆಸರಿನ ಪೊಟ್ಟಣಕ್ಕೆ ತುಂಬಿ ಮಾರುತ್ತಿದ್ದರು. ಮಗಳ ಕಾಲೇಜಿನ ಎರಡನೆಯ ಕಂತು ಕಟ್ಟಲು ಬಳೆ ಅಡವಿಟ್ಟ ದಿನ ಬೀದಿಯ ಕೊನೆಯ ಮನೆಯಾಕೆ ನನಗೇ ಹೇಳಿದರು, "ಆ ಅಂಗಡೀದು ಹುಳಿಪುಡಿ ತಂದು ನೋಡಿ, ಏನು ಘಮ ಅಂತೀರಿ!" ನಾನು ನಕ್ಕು ಸುಮ್ಮನಾದೆ. ಅದು ನನ್ನದೇ ಎನ್ನಲು ನಾಲಿಗೆ ಏಳಲಿಲ್ಲ.

ಹಬ್ಬಕ್ಕೆ ಎರಡು ದಿನ ಮೊದಲು ಒಂದು ಡಬ್ಬಿ ಪುಡಿ ಕಟ್ಟಿಕೊಂಡು ಹೊರಟೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತವಾದ ಮೇಲೆ ನಮ್ಮಂಥವರ ಪ್ರಯಾಣ ಸಲೀಸಾಗಿದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋದ ನೇರಳೆ ಮಾರ್ಗ ಹಿಡಿದರೆ ಮೂರನೆಯ ನಿಲ್ದಾಣವೇ ಹೊಸಹಳ್ಳಿ. ಈ ನಿಲ್ದಾಣ ತೆರೆದದ್ದು 2015ರ ನವೆಂಬರಿನಲ್ಲಿ. ಈಗ ನಿಲ್ದಾಣಕ್ಕೆ ಆದಿಚುಂಚನಗಿರಿ ಮಠದ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿದೆ. ಆದರೂ ಜನರ ಬಾಯಲ್ಲಿ ಅದು ಹೊಸಹಳ್ಳಿಯೇ.

ಹೆಸರಿಗೆ ಹಳ್ಳಿ. ಹೊಲವಿಲ್ಲ, ಗದ್ದೆಯಿಲ್ಲ. ಮೇಲೆ ರೈಲು, ಕೆಳಗೆ ವಾಹನಗಳ ಸಂತೆ. ಆದರೆ ದೊಡ್ಡ ರಸ್ತೆ ಬಿಟ್ಟು ಅಡ್ಡರಸ್ತೆಗೆ ತಿರುಗಿದರೆ ನಮ್ಮ ಊರೇ ಎದುರು ಬಂದಂತಾಗುತ್ತದೆ. ಬಾಗಿಲಿಗೆ ರಂಗೋಲಿ, ಕಾಂಪೌಂಡಿನ ಮೇಲೆ ಒಣಗಲು ಹಾಕಿದ ಸಂಡಿಗೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಗೇಟುಗಳಿಗೂ ಬಾಯಿ ಇದೆ! "ಬ್ಲೌಸ್ ಹೊಲಿದು ಕೊಡಲಾಗುವುದು", "ಮನೆಯಲ್ಲೇ ಮಾಡಿದ ಚಕ್ಕುಲಿ, ಕೋಡುಬಳೆ ದೊರೆಯುತ್ತದೆ", "ಮಕ್ಕಳಿಗೆ ಪಾಠ ಹೇಳಿಕೊಡಲಾಗುವುದು" ಎಂಬ ರಟ್ಟುಗಳು ನೇತಾಡುತ್ತಿದ್ದವು. ಒಂದು ರಟ್ಟಿನಲ್ಲಿ ಕಾಗುಣಿತ ತಪ್ಪಿತ್ತು. ಬರೆದಾಕೆಗೆ ಅದರ ಚಿಂತೆಯಿದ್ದಂತಿರಲಿಲ್ಲ. ಒಳಗೆ ಹೊಲಿಗೆ ಯಂತ್ರ ಓಡುತ್ತಲೇ ಇತ್ತು.

ಮರುದಿನ ಹೂವು ಹಣ್ಣಿಗೆಂದು ನಾದಿನಿ ವಿಜಯನಗರದ ಮಾರುಕಟ್ಟೆಗೆ ಕರೆದುಕೊಂಡು ಹೋದಳು. ಅಲ್ಲಿ ಬೀದಿಬದಿ ವ್ಯಾಪಾರಿಗಳಿಗಾಗಿ ಕಟ್ಟಿದ ಕೃಷ್ಣದೇವರಾಯ ಪಾಲಿಕೆ ಬಜಾರ್ ಇದೆ. 2024ರ ಆಗಸ್ಟಿನಲ್ಲಿ ತೆರೆದದ್ದು, ನೆಲದಡಿಯ ತಂಪು ಮಾರುಕಟ್ಟೆ. ಮೇಲೆ ಹಬ್ಬದ ನೂಕುನುಗ್ಗಲು. ಕಾಲುದಾರಿಯಲ್ಲಿ ಕೂತ ಮಲ್ಲಿಗೆಯಾಕೆಯೊಬ್ಬಳು ಹೋಗಿ ಬರುವವರನ್ನೆಲ್ಲ ಕರೆಯುತ್ತಿದ್ದಳು, "ಬಾರಕ್ಕಾ, ಬೆಳಿಗ್ಗೆ ಬಿಡಿಸಿದ್ದು, ಮೂಸಿ ನೋಡು, ಆಮೇಲೆ ಕಾಸು ಕೊಡು." ನಾನು ಮೊಳ ಹಾಕಿಸಿಕೊಳ್ಳುತ್ತಾ ಕೇಳಿಯೇಬಿಟ್ಟೆ, "ಹೀಗೆ ಕೂಗೋಕೆ ನಾಚಿಕೆ ಆಗಲ್ವೇನಮ್ಮ?"

ಅವಳು ನನ್ನ ಮುಖ ನೋಡಿದಳು. "ಸಂಜೆಗೆ ಬಾಡಿಹೋಗೋ ಹೂವ ಇಟ್ಕೊಂಡು ನಾಚ್ಕೊಂಡು ಕೂತ್ರೆ ಹೆಂಗಕ್ಕಾ? ಸುಳ್ಳು ಹೇಳಿದ್ರೆ ನಾಚ್ಕೋಬೇಕು. ಇರೋದ್ನ ಹೇಳಕ್ಕೆ ಏನು?"

ಆ ಮಾತು ಮನೆಯವರೆಗೂ ನನ್ನ ಜೊತೆ ಬಂತು.

ರಾತ್ರಿ ನಾದಿನಿಗೆ ಎಲ್ಲ ಹೇಳಿಕೊಂಡೆ, ಬಳೆಯ ವಿಷಯವನ್ನೂ. ಅವಳು ಬೈಯಲಿಲ್ಲ. ಪಕ್ಕದ ಮನೆಯ ಹಿರಿಯಾಕೆಯನ್ನು ಕರೆತಂದಳು. ಅವರು ಹಿಂದೆ ರಾಜಾಜಿನಗರ ಕೈಗಾರಿಕಾ ಪ್ರದೇಶದಲ್ಲಿರುವ 'ಅವೇಕ್' ಸಂಸ್ಥೆಯಲ್ಲಿ ತರಬೇತಿ ಪಡೆದವರಂತೆ. ಕರ್ನಾಟಕದ ಮಹಿಳಾ ಉದ್ಯಮಿಗಳು 1983ರಲ್ಲಿ ಕಟ್ಟಿಕೊಂಡ ಸಂಘ ಅದು. ಅವರು ನನ್ನ ಲೆಕ್ಕದ ಚೀಟಿ ನೋಡಿ, "ಇದರಲ್ಲಿ ನಿಮ್ಮ ಕೂಲಿ ಎಲ್ಲಿದೆ?" ಎಂದರು. ಒಲೆಯ ಮುಂದೆ ನಿಂತು ಹುರಿದದ್ದು, ಜರಡಿ ಹಿಡಿದದ್ದು, ಗ್ಯಾಸು, ಪೊಟ್ಟಣ ಯಾವುದೂ ಅಲ್ಲಿರಲಿಲ್ಲ. ಎಲ್ಲ ಕೂಡಿಸಿದರೆ ಕಿಲೋಗೆ 300ಕ್ಕೆ ಕೊಟ್ಟು ನಾನು ಕೈಯಿಂದ ಕಳೆದುಕೊಳ್ಳುತ್ತಿದ್ದೆ!

ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಮೊದಲು ಪದಾರ್ಥಕ್ಕೆ ಒಂದು ಹೆಸರಿಡಬೇಕು. ಮಾರುವ ತಿಂಡಿ, ಪುಡಿಗೆ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಮಾಡಿಸಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಶುಲ್ಕವಿತ್ತು. ಅವರು ಕೊಡುವ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಜೊತೆಗೆ ಏನೇನು ಹಾಕಿದೆ, ತೂಕ, ಬೆಲೆ, ಮಾಡಿದ ದಿನ, ಎಲ್ಲಿಯವರೆಗೆ ಬಳಸಬಹುದು, ಮಾಡಿದವರ ವಿಳಾಸ, ಸಸ್ಯಾಹಾರದ ಹಸಿರು ಗುರುತು. 'ಉದ್ಯಮ್' ನೋಂದಣಿಗೆ ಸರ್ಕಾರ ಕಾಸು ಕೇಳುವುದಿಲ್ಲ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಮಾಡಬಹುದು. ಮಾಡಿಸಿಕೊಡುತ್ತೇವೆಂದು ದುಡ್ಡು ಕೇಳುವವರಿಗೆ ಮರುಳಾಗಬೇಡಿ. ಕೊನೆಗೆ ಅವರೆಂದ ಮಾತು: "ಹೊಗಳಿಕೊಳ್ಳಬೇಡಿ, ತಿಳಿಸಿ. ನಂಬರ್ ಒನ್ ಪುಡಿ ಅನ್ನಬೇಡಿ. ಬಣ್ಣ ಹಾಕಿಲ್ಲ, ಹೋದ ವಾರ ಹುರಿದದ್ದು ಅನ್ನಿ. ಅಷ್ಟು ಸಾಕು."

ಶುಕ್ರವಾರ ಪೂಜೆಯಾಯಿತು. ಸಂಜೆ ಅರಿಶಿನ ಕುಂಕುಮಕ್ಕೆ ಇಪ್ಪತ್ತಾರು ಮುತ್ತೈದೆಯರು ಬಂದರು. ಊಟಕ್ಕೆ ನಾನೇ ಕುಂಬಳಕಾಯಿ ಹುಳಿ ಮಾಡಿದ್ದೆ. ಬಡಿಸುವಾಗ ಒಬ್ಬರು, "ಯಾವ ಅಂಗಡಿ ಪುಡಿ ಇದು?" ಎಂದರು. ತಿಪಟೂರಿನಲ್ಲಿ ಕೇಳಿದ್ದ ಅದೇ ಮಾತು! ಎದೆ ಡವಗುಟ್ಟಿತು. ನಾದಿನಿ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು, ಬಾಯಿ ಬಿಡಲಿಲ್ಲ.

"ಅಂಗಡೀದಲ್ಲ, ನಾನೇ ಮಾಡಿದ್ದು. ಮಾರ್ತೀನಿ ಕೂಡ" ಎಂದೆ. ಧ್ವನಿ ನಡುಗಿತು. "ಕೊಬ್ಬರಿ ಹಾಕಿಲ್ಲ, ಹಾಕಿದರೆ ಬೇಗ ಕಮಟು ಬರುತ್ತೆ. ಹುಳಿ ಮಾಡುವಾಗ ತಾಜಾ ಕಾಯಿ ರುಬ್ಬಿ ಹಾಕಿಕೊಳ್ಳಿ."

ಯಾರೂ ನಗಲಿಲ್ಲ. "ಹಾಗಾದರೆ ನನಗೆ ಅರ್ಧ ಕಿಲೋ" ಎಂದರು ಒಬ್ಬರು. ನಾದಿನಿ ಮೊದಲೇ ತಾಂಬೂಲದ ಜೊತೆ ಒಂದೊಂದು ಹಿಡಿ ಪುಡಿಯ ಪೊಟ್ಟಣ ಇಟ್ಟಿದ್ದಳು. ಅದು ಮಾರಾಟಕ್ಕಲ್ಲ, ರುಚಿಗೆ. ವಾರದೊಳಗೆ ಹನ್ನೊಂದು ಮನೆಗಳಿಂದ ಫೋನು ಬಂತು.

1959ರಲ್ಲಿ ಮುಂಬಯಿಯ ಗಿರ್‌ಗಾಂವಿನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಮಹಡಿಯ ಮೇಲೆ ಹಪ್ಪಳ ಒತ್ತಲು ಕೂತರಂತೆ. ಅದೇ ಇಂದಿನ ಲಿಜ್ಜತ್. ಅಷ್ಟು ದೊಡ್ಡ ಕನಸು ನನಗಿಲ್ಲ. ನೋಂದಣಿ ಆಯಿತು, ಪುಡಿಗೆ ಅತ್ತೆಯವರ ಹೆಸರಿಟ್ಟೆ, ಕೈ ಹಿಡಿಸಿಕೊಟ್ಟವರು ಅವರೇ ತಾನೆ? ಈಗ ಕಿಲೋಗೆ 480. ತಿಂಗಳಿಗೆ ಹದಿನೈದು ಕಿಲೋ ಹೊಸಹಳ್ಳಿಗೇ ಹೋಗುತ್ತದೆ. ಊರಿನ ಅಂಗಡಿಯವರಿಗೆ, "ನನ್ನ ಹೆಸರಿನ ಪೊಟ್ಟಣವಾದರೆ ಕೊಡುತ್ತೇನೆ" ಎಂದೆ. ಅವರು ಒಪ್ಪಲಿಲ್ಲ. ಆ ಗಿರಾಕಿ ತಪ್ಪಿದ್ದು ಮೊದಲ ತಿಂಗಳು ನಷ್ಟವೇ ಆಯಿತು, ಸುಳ್ಳೇಕೆ ಹೇಳಲಿ. ಒಂದು ಬಳೆ ಬಿಡಿಸಿಕೊಂಡಿದ್ದೇನೆ, ಇನ್ನೊಂದು ಅಲ್ಲೇ ಇದೆ.

ಮೊನ್ನೆ ನಮ್ಮ ಗೇಟಿಗೂ ಒಂದು ರಟ್ಟು ಕಟ್ಟಿದೆ. ಕೊನೆಯ ಮನೆಯಾಕೆ ಓದಿ, "ಅಯ್ಯೋ, ಅದು ನಿಮ್ಮದೇನ್ರೀ? ಇಷ್ಟು ದಿನ ಹೇಳಲೇ ಇಲ್ಲವಲ್ಲ!" ಎಂದರು.

"ಈಗ ಹೇಳ್ತಿದ್ದೀನಿ, ಒಳಗೆ ಬನ್ನಿ" ಎಂದೆ.